ಗೇಟು ದಾಟಿದ ಬಸ್ಸು: ಮೇಲಿನವರ ನಡೆ ಮತ್ತು ಕೆಲಸದ ಉಮೇದು

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಜಹೀರಾಬಾದ್, ನಾರಾಯಣಖೇಡ, ತಾಂಡೂರು: ಈ ಮೂರು ಊರುಗಳನ್ನು ಒಟ್ಟಿಗೆ ಹೇಳುವುದಕ್ಕೆ ಕಾರಣವಿದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ತಾಂಡೂರು ತಾಲ್ಲೂಕು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಆ ವರ್ಷ ಜಹೀರಾಬಾದಿನ ನಿರ್ಣಾ ಸರ್ಕಲ್ ಒಂದನ್ನು ಈಗಿನ ಕರ್ನಾಟಕದ ಕಡೆ ಉಳಿಸಿಕೊಂಡು ಈ ತಾಲ್ಲೂಕುಗಳ ಮಿಕ್ಕದ್ದೆಲ್ಲವನ್ನೂ ಆಂಧ್ರಪ್ರದೇಶಕ್ಕೆ ಸೇರಿಸಿದರು. ಈಗ ಮೊದಲೆರಡು ಊರು ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ಜಿಲ್ಲೆ, ರಾಜ್ಯ, ಫಲಕಗಳ ಲಿಪಿ ಎಲ್ಲ ಬದಲಾದವು. ಬೀಗರ ಮನೆಗಳು ಮಾತ್ರ ಗಡಿಯ ಎರಡೂ ಕಡೆ ಇದ್ದಲ್ಲೇ ಇವೆ. ಆದ್ದರಿಂದ ಬಸ್ಸುಗಳೂ ತುಂಬಿಯೇ ಓಡುತ್ತವೆ.

ನನಗೆ ಕೊಟ್ಟ ವಿಷಯ ‘ನಾಯಕತ್ವದ ಶೈಲಿ ಮತ್ತು ನೌಕರರ ಪ್ರೇರಣೆ’. ಇಂಥ ವಿಷಯ ಬಂದಾಗ ಬೆಂಗಳೂರಿನ ಗಾಜಿನ ಕಟ್ಟಡಗಳಿಂದಲೋ ಅಮೆರಿಕದ ಕಂಪನಿಗಳಿಂದಲೋ ಉದಾಹರಣೆ ತರುವುದು ವಾಡಿಕೆ. ನಾನು ಅಷ್ಟು ದೂರ ಹೋಗುವುದಿಲ್ಲ. ಈ ಮೂರೂ ಊರುಗಳಲ್ಲಿ ಒಂದೊಂದು ಆರ್‌ಟಿಸಿ ಡಿಪೋ ಇದೆ. ನಾಯಕತ್ವವನ್ನು ಪರೀಕ್ಷೆ ಮಾಡಲು ಬಸ್ ಡಿಪೋಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಬೆನ್ನ ಹಿಂದೆಯೇ ನಿಂತಿರುತ್ತಾನೆ. ಕಚೇರಿಯಲ್ಲಿ ಸಾಹೇಬರ ಕೋಣೆಯ ಬಾಗಿಲು ತೆರೆದೇ ಇರುತ್ತದೆ. ಬಸ್ಸಿನ ಮಾತು ಬೇರೆ. ಬೆಳಗಿನ ಜಾವ ಡಿಪೋ ಗೇಟು ದಾಟಿದರೆ ಆಯಿತು, ಅಲ್ಲಿಂದ ಮುಂದೆ ಡ್ರೈವರ್ ಮತ್ತು ಕಂಡಕ್ಟರ್ ಇಬ್ಬರೇ. ಮೇಲಿನವರ ಕಣ್ಣು ಅವರ ಮೇಲೆ ಇರುವುದಿಲ್ಲ. ಸ್ಟಾಪಿಲ್ಲದ ಕಡೆ ಕೈ ಅಡ್ಡ ಹಿಡಿದ ಮುದುಕಿಗೆ ಬ್ರೇಕ್ ಹಾಕಬೇಕೋ, ನೋಡದವರ ಹಾಗೆ ಹೋಗಬೇಕೋ ಎಂಬುದನ್ನು ಆ ಡ್ರೈವರ್ ಒಬ್ಬನೇ, ಅರೆಕ್ಷಣದಲ್ಲಿ ತೀರ್ಮಾನಿಸುತ್ತಾನೆ. ಡಿಪೋ ಮ್ಯಾನೇಜರ್ ಹೇಗಿದ್ದಾರೆ ಎಂಬುದು ತಿಳಿಯುವುದು ಆ ಅರೆಕ್ಷಣದಲ್ಲಿ. ಮೀಟಿಂಗಿನಲ್ಲಿ ತಿಳಿಯುವುದಿಲ್ಲ.

ಇದನ್ನು ಓದಿದವರೂ ಕಂಡಿದ್ದಾರೆ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಐಯೋವಾದಲ್ಲಿ ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ ಮತ್ತು ಆತನ ಜೊತೆಗಾರರಾದ ಲಿಪ್ಪಿಟ್, ವೈಟ್ ಹತ್ತು ವರ್ಷ ವಯಸ್ಸಿನ ಹುಡುಗರ ಕೂಟಗಳನ್ನು ಕಟ್ಟಿದರು. ಹುಡುಗರಿಗೆ ಮುಖವಾಡ ಮಾಡುವಂಥ ಕೈಕೆಲಸ ಕೊಟ್ಟರು. ಒಂದು ರೀತಿಯ ನಾಯಕ ಎಲ್ಲವನ್ನೂ ತಾನೇ ಹೇಳುತ್ತಿದ್ದ. ಇನ್ನೊಬ್ಬ ಹುಡುಗರನ್ನು ಕೂರಿಸಿಕೊಂಡು ಚರ್ಚಿಸಿ ಕೆಲಸ ಹಂಚುತ್ತಿದ್ದ. ಮೂರನೆಯವನು ಸುಮ್ಮನೆ ಇದ್ದುಬಿಡುತ್ತಿದ್ದ. 1939ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಮ್ಯಾನೇಜ್‌ಮೆಂಟ್ ಪುಸ್ತಕಗಳು ಮೂರು ಶೈಲಿಗಳ ಪಟ್ಟಿಯಾಗಿ ಮಾಡಿ ಕೈಬಿಟ್ಟಿವೆ. ಅದರೊಳಗಿನ ನಿಜವಾದ ಸಂಗತಿ ಬೇರೆಯೇ. ಪ್ರಯೋಗದ ನಡುವೆ ನಾಯಕ ಬೇಕೆಂದೇ ಕೋಣೆಯಿಂದ ಹೊರಗೆ ಹೋಗುತ್ತಿದ್ದ. ಆಗ ಎಲ್ಲವನ್ನೂ ತಾನೇ ಹೇಳುವವನ ಕೋಣೆಯಲ್ಲಿ ಕೆಲಸ ಥಟ್ಟನೆ ಬಿದ್ದುಹೋಗುತ್ತಿತ್ತು, ಕೂಡಿ ಮಾತಾಡಿದವನ ಕೋಣೆಯಲ್ಲಿ ಹೆಚ್ಚುಕಡಿಮೆ ಹಾಗೆಯೇ ನಡೆಯುತ್ತಿತ್ತು. ಬಸ್ಸಿನ ಲೆಕ್ಕದಲ್ಲಿ ನಾಯಕ ಕೋಣೆಯಲ್ಲಿ ಇರುವುದೇ ಇಲ್ಲ. ಎಂಟು ತಾಸಿನ ಡ್ಯೂಟಿಯಲ್ಲಿ ಅವನು ಎದುರಿಗಿರುವುದು ಚಾರ್ಟ್ ನೋಡಿ ಗಾಡಿ ಹತ್ತುವ ಮುಂಚಿನ ಐದು ನಿಮಿಷ.

ಆ ಐದು ನಿಮಿಷ ಹೇಗಿರುತ್ತದೆ? ಗಡಿಯ ಈಚೆಗಾಗಲಿ ಆಚೆಗಾಗಲಿ, ಯಾವ ಡಿಪೋಗೆ ಹೋದರೂ ಗೋಡೆಯ ಮೇಲೆ ಡ್ರೈವರುಗಳ ಕೆಎಂಪಿಎಲ್ ಪಟ್ಟಿ ಕಾಣುತ್ತದೆ. ಲೀಟರ್ ಡೀಸೆಲ್‌ಗೆ ಎಷ್ಟು ಕಿಲೋಮೀಟರ್ ಓಡಿಸಿದ ಎಂಬ ಲೆಕ್ಕ ಅದು. ಐದರ ಆಚೆಗಿನ ಪಾಯಿಂಟುಗಳಲ್ಲಿ ಮಾನ ಅವಮಾನ ಎಲ್ಲ ನಿರ್ಧಾರವಾಗುತ್ತದೆ. ಒಬ್ಬ ಡ್ರೈವರ್‌ನ ಅಂಕಿ ಒಂದು ವಾರ ಇಳಿಯಿತು ಅನ್ನಿ. ಒಬ್ಬ ಮ್ಯಾನೇಜರ್ ಎಲ್ಲರ ಮುಂದೆ ‘ಡೀಸೆಲ್ ಕುಡೀತೀಯೇನು?’ ಎಂದು ಕೇಳುತ್ತಾನೆ. ಇನ್ನೊಬ್ಬ ‘ಗಾಡಿ ಹೆಂಗದ? ಕ್ಲಚ್ ಹಿಡೀತದೇನು?’ ಎಂದು ಕೇಳುತ್ತಾನೆ. ಎರಡೂ ಅದೇ ಅಂಕಿಯನ್ನು ಕುರಿತ ಪ್ರಶ್ನೆ. ಮೊದಲನೆಯದಕ್ಕೆ ಉತ್ತರವಾಗಿ ‘ಇಲ್ಲ ಸಾರ್’ ಎಂಬ ಎರಡು ಪದ ಸಿಗುತ್ತವೆ. ಎರಡನೆಯದಕ್ಕೆ ಮಾಹಿತಿ ಸಿಗುತ್ತದೆ: ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ರಸ್ತೆ ಕೆಡಿಸಿವೆ, ನಾಲ್ಕನೇ ಗೇರಿಗೆ ಹೋಗುವ ಹಾಗೇ ಇಲ್ಲ, ಹಿಂದಿನ ಟೈರು ಗಾಳಿ ಹಿಡಿಯುತ್ತಿಲ್ಲ, ಮೆಕ್ಯಾನಿಕ್‌ಗೆ ಹೇಳಿ ಮೂರು ದಿನವಾಯಿತು. ಗಾಡಿಯ ಬಗ್ಗೆ ಡಿಪೋಗೆ ಗೊತ್ತಿಲ್ಲದ್ದು ಡ್ರೈವರ್‌ನ ಅಂಗಾಲಿಗೆ ಗೊತ್ತಿರುತ್ತದೆ. ಅದನ್ನು ಕೇಳುವ ಮ್ಯಾನೇಜರ್‌ಗೆ ಡೀಸೆಲ್ ಉಳಿಯುತ್ತದೆ. ಇನ್ನು ಡ್ರೈವರ್ ಕಡೆಗೆ, ಮುಂದಿನ ಸಲ ಕೇಳದೆಯೇ ಬಂದು ಹೇಳುವ ಅಭ್ಯಾಸ ಉಳಿಯುತ್ತದೆ.

ನಾರಾಯಣಖೇಡದ ಕಡೆಯ ಹಳ್ಳಿಗಳಿಗೆ ನೈಟ್ ಹಾಲ್ಟ್ ಹೋಗುವ ಗಾಡಿಗಳ ಸಿಬ್ಬಂದಿಯನ್ನು ಕೇಳಿ ನೋಡಿ. ರಾತ್ರಿ ಊರು ಮುಟ್ಟಿ, ಸೀಟಿನ ಮೇಲೆ ಮೈ ಚಾಚಿ, ಸೊಳ್ಳೆ ಹೊಡೆದುಕೊಂಡು, ಮೂಡಣ ಕೆಂಪಾಗುವ ಮುಂಚೆ ಗಾಡಿ ಎಬ್ಬಿಸಬೇಕು. ಆ ಡ್ಯೂಟಿ ಯಾರಿಗೂ ಪ್ರೀತಿಯಲ್ಲ. ಆದರೂ ಕೇಳಿದರೆ ಡ್ಯೂಟಿಯ ಕಷ್ಟ ಮೊದಲು ಬರುವುದಿಲ್ಲ. ‘ಯಾವಾಗಲೂ ನಮಗೇ ಯಾಕೆ ಬೀಳುತ್ತದೆ’ ಎಂಬುದು ಮೊದಲು ಬರುತ್ತದೆ. ಚಾರ್ಟ್ ಹಾಕುವ ಕೈ ನ್ಯಾಯವಾಗಿದ್ದರೆ ಸೊಳ್ಳೆಯನ್ನೂ ತಾಳಿಕೊಳ್ಳುವ ಜನ ಇವರು. ನಾಯಕತ್ವದ ಪುಸ್ತಕಗಳಲ್ಲಿ ದೂರದೃಷ್ಟಿ, ಸ್ಫೂರ್ತಿ ಎಂಬ ಮಾತುಗಳು ತುಂಬಿರುತ್ತವೆ. ಡ್ಯೂಟಿ ಚಾರ್ಟಿಗೆ ಅಲ್ಲಿ ಒಂದು ಪುಟವೂ ಇರುವುದಿಲ್ಲ.

ಈಗ ಗಡಿಯವರಿಗೇ ಗೊತ್ತಿರುವ ಒಂದು ತೊಡಕಿಗೆ ಬರುತ್ತೇನೆ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಅದೇ ವರ್ಷ ಡಿಸೆಂಬರ್ 9ರಂದು ತೆಲಂಗಾಣದಲ್ಲಿ ಮಹಾಲಕ್ಷ್ಮಿ ಬಂತು. ಅಲ್ಲಿಯೂ ಇಲ್ಲಿಯೂ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಆದರೆ ತೆಲಂಗಾಣದ ಬಸ್ಸಿನಲ್ಲಿ ಝೀರೋ ಟಿಕೆಟ್ ಸಿಗುವುದು ತೆಲಂಗಾಣದ ನಿವಾಸಿಗಳಿಗೆ, ಕರ್ನಾಟಕದ ಬಸ್ಸಿನಲ್ಲಿ ಕರ್ನಾಟಕದವರಿಗೆ. ಗುರುತಿಗೆ ಆಧಾರ್‌ನಂಥ ವಿಳಾಸವಿರುವ ಚೀಟಿ ತೋರಿಸಬೇಕು. ಬೀದರ ಕಡೆಯಿಂದ ಜಹೀರಾಬಾದಿಗೆ ಮದುವೆಯಾಗಿ ಬಂದ ಒಬ್ಬ ಹೆಣ್ಣುಮಗಳನ್ನು ನೆನಪಿಗೆ ತಂದುಕೊಳ್ಳಿ. ಸಂಸಾರ ಅಲ್ಲಿದೆ, ಆಧಾರ್ ಕಾರ್ಡಿನಲ್ಲಿ ತವರುಮನೆ ವಿಳಾಸ ಇನ್ನೂ ಹಾಗೆಯೇ ಇದೆ. ಕಂಕುಳಲ್ಲಿ ಜ್ವರ ಬಂದ ಕೂಸು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಕಂಡಕ್ಟರ್ ಏನು ಮಾಡಬೇಕು? ರೂಲು ಕೇಳಿದರೆ ಟಿಕೆಟ್ ಹರಿಯಬೇಕು, ಕೂಸಿನ ಮುಖ ನೋಡಿದರೆ ಝೀರೋ ಟಿಕೆಟ್ ಕೊಡಬೇಕು ಅನಿಸುತ್ತದೆ. ಕೊಟ್ಟ ಮೇಲೆ ಮುಂದಿನ ಸ್ಟೇಜಿನಲ್ಲಿ ಚೆಕಿಂಗ್ ಸ್ಕ್ವಾಡ್ ಹತ್ತಿದರೆ ಮೆಮೊ.

ಅವಳಿಗೆ ಪುಕ್ಕಟೆ ಕೊಟ್ಟುಬಿಡಬೇಕಿತ್ತು ಎಂದು ನಾನು ಹೇಳುವುದಿಲ್ಲ. ಸರ್ಕಾರದ ದುಡ್ಡು, ಅದಕ್ಕೆ ಲೆಕ್ಕ ಬೇಕು. ಮೆಮೊ ಬಂದ ಮರುದಿನದ ಮಾತು ನನ್ನದು. ಡಿಪೋದಲ್ಲಿ ಕಂಡಕ್ಟರ್‌ನ ಮಾತನ್ನು ಪೂರ್ತಿ ಕೇಳಿ ‘ಇಂಥ ಕೇಸು ಬಂದರೆ ಹೀಗೆ ಮಾಡು, ನಾನಿದ್ದೇನೆ’ ಎಂದರೆ ಅವನು ಮುಂದೆಯೂ ಮನುಷ್ಯರ ಮುಖ ನೋಡಿ ಮಾತಾಡುತ್ತಾನೆ. ಕೇಳದೆ ಸಹಿ ಹಾಕಿಸಿಕೊಂಡರೆ ಆವತ್ತಿಂದ ಅವನು ಯಾರ ಮುಖವನ್ನೂ ನೋಡುವುದಿಲ್ಲ, ಕಾರ್ಡನ್ನು ಮಾತ್ರ ನೋಡುತ್ತಾನೆ. ಆಮೇಲೆ ನಾವೇ ‘ಆರ್‌ಟಿಸಿಯವರಿಗೆ ಕರುಣೆಯೇ ಇಲ್ಲ’ ಎಂದು ಬೈಯುತ್ತೇವೆ. ಉಮೇದು ಸಾಯುವುದು ಬಹುಪಾಲು ಹೀಗೆಯೇ. ಮೇಲಿನವರ ಕಾಠಿಣ್ಯಕ್ಕಿಂತ, ತನ್ನ ಬುದ್ಧಿ ಬಳಸಿದ್ದಕ್ಕೆ ಸಿಕ್ಕ ಶಿಕ್ಷೆಯಿಂದ ಅದು ಸಾಯುತ್ತದೆ.

ಈ ಆರ್‌ಟಿಸಿ ಸಂಸ್ಥೆಯ ಬೇರು ನಮ್ಮ ಎರಡೂ ಕಡೆಯವರಿಗೆ ಒಂದೇ. 1932ರಲ್ಲಿ ನಿಜಾಮರ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ಇಲಾಖೆ ಹುಟ್ಟಿದಾಗ ಅದರಲ್ಲಿದ್ದದ್ದು 27 ಬಸ್ಸು, 166 ನೌಕರರು. ಬೀದರ, ಗುಲಬರ್ಗಾ ಆಗ ಅದೇ ಸಂಸ್ಥಾನದಲ್ಲಿದ್ದವು. ಮುಂದೆ ಒಂದು ಕವಲು ಆಂಧ್ರದ ಆರ್‌ಟಿಸಿಯಾಗಿ, ರಾಜ್ಯ ಒಡೆದ ಮೇಲೆ ತೆಲಂಗಾಣದ ಆರ್‌ಟಿಸಿಯಾಯಿತು. ಈಚೆ ಕವಲಿನ ಬಸ್ಸುಗಳು ಈಗ ಕಲಬುರಗಿಯ ಕಲ್ಯಾಣ ಕರ್ನಾಟಕ ಸಾರಿಗೆಯಲ್ಲಿವೆ. ತೆಲಂಗಾಣದ ಕವಲಿನಲ್ಲಿ ಈಚಿನ ಕೆಲವು ವರ್ಷಗಳಲ್ಲಿ ನಡೆದದ್ದು ನಾಯಕತ್ವದ ಪಾಠಕ್ಕೆ ಸಾಕಷ್ಟಾಗುತ್ತದೆ.

2019ರ ಅಕ್ಟೋಬರ್ 5ರಂದು ಸುಮಾರು 48,000 ನೌಕರರು ಮುಷ್ಕರ ಹೂಡಿದರು. ಸಂಸ್ಥೆಯನ್ನು ಸರ್ಕಾರದಲ್ಲಿ ವಿಲೀನ ಮಾಡಿ ಎಂಬುದು ಮುಖ್ಯ ಬೇಡಿಕೆ. ಗಡುವಿನೊಳಗೆ ಕೆಲಸಕ್ಕೆ ಬಾರದವರು ತಾವಾಗಿಯೇ ವಜಾ ಆದಂತೆ ಎಂದು ಆಗಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಸಾರಿದರು. ಮುಷ್ಕರ 52 ದಿನ ನಡೆಯಿತು, ನಡುವೆ ಕೆಲವರು ಜೀವವನ್ನೂ ಕಳೆದುಕೊಂಡರು. ನವೆಂಬರ್ 25ರಂದು ಬೇಡಿಕೆ ಈಡೇರದೆಯೇ ನೌಕರರು ಹಿಂದೆ ಸರಿದರು. ವಾರ ಕಳೆಯುವುದರೊಳಗೆ, ಡಿಸೆಂಬರ್ 1ರಂದು, ಅದೇ ಮುಖ್ಯಮಂತ್ರಿ ಪ್ರತಿ ಡಿಪೋದಿಂದ ಐವರನ್ನು ತಮ್ಮ ನಿವಾಸಕ್ಕೆ ಊಟಕ್ಕೆ ಕರೆದರು. ಮುಷ್ಕರದ ದಿನಗಳ ಸಂಬಳ, ನಿವೃತ್ತಿ ವಯಸ್ಸು 60, ರಾತ್ರಿ ಎಂಟರ ಮೇಲೆ ಹೆಣ್ಣುಮಕ್ಕಳಿಗೆ ಡ್ಯೂಟಿ ಇಲ್ಲ ಎಂದು ಒಂದರ ಮೇಲೊಂದು ಘೋಷಿಸಿದರು. ಯೂನಿಯನ್ನುಗಳ ಬದಲು ಡಿಪೋಗೆ ಇಬ್ಬರಂತೆ ಕಲ್ಯಾಣ ಸಮಿತಿ ಸಾಕು ಎಂದೂ ಹೇಳಿದರು.

ಇದನ್ನು ನಾವು ಹೇಗೆ ಓದಬೇಕು? ಮೊದಲಿನದು ಕ್ರೌರ್ಯ, ಆಮೇಲಿನದು ದಯೆ ಎಂದು ಓದುವವರಿದ್ದಾರೆ. ನನಗೆ ಎರಡೂ ಒಂದೇ ನಡೆಯಾಗಿ ಕಾಣುತ್ತವೆ. ಬೈದವರೂ ಅವರೇ, ಉಣಿಸಿದವರೂ ಅವರೇ. ಎರಡು ಸಲವೂ ನೌಕರ ಮೇಲೆ ನೋಡುತ್ತಾ ನಿಂತಿದ್ದ. ಕೊಟ್ಟದ್ದರಲ್ಲಿ ಹುರುಳಿತ್ತು, ಅದನ್ನು ಅಲ್ಲಗಳೆಯುವ ಹಾಗಿಲ್ಲ. ರಾತ್ರಿ ಎಂಟರ ಮಿತಿ ಮಹಿಳಾ ಕಂಡಕ್ಟರುಗಳ ಬದುಕಿಗೆ ಸಣ್ಣದೇನಲ್ಲ. ಆದರೆ ಕೇಳಿ ಪಡೆಯುವ ಬಾಯನ್ನು ಮುಚ್ಚಿಸಿ ಕೊಟ್ಟ ಕೊಡುಗೆ ಮನಸ್ಸಿನಲ್ಲಿ ಋಣವಾಗಿ ಕೂರುತ್ತದೆ. ಋಣದಿಂದ ಜನ ಕೈಮುಗಿಯುತ್ತಾರೆ, ಕೆಲಸಕ್ಕೆ ಮನಸ್ಸು ಕೊಡುವುದು ಬೇರೆ ಬಾಬತ್ತು. ಮುಂದೆ 2023ರ ಆಗಸ್ಟಿನಲ್ಲಿ, ಚುನಾವಣೆಯ ಮುಂಚೆ, ಅದೇ ಸರ್ಕಾರ ವಿಲೀನದ ಮಸೂದೆಯನ್ನು ವಿಧಾನಸಭೆಯಲ್ಲಿ ಅಂಗೀಕರಿಸಿತು. 43,000ಕ್ಕೂ ಹೆಚ್ಚು ನೌಕರರ ಹೆಸರು ಆ ಲೆಕ್ಕದಲ್ಲಿತ್ತು.

ಈ ನಡುವೆ 2021ರ ಸೆಪ್ಟೆಂಬರಿನಲ್ಲಿ ನಮ್ಮ ಹುಬ್ಬಳ್ಳಿಯ ವಿ. ಸಿ. ಸಜ್ಜನರ್ ಆರ್‌ಟಿಸಿಯ ವ್ಯವಸ್ಥಾಪಕ ನಿರ್ದೇಶಕರಾಗಿ ಬಂದರು. ಪೊಲೀಸ್ ಅಧಿಕಾರಿ. ಬಂದ ಕೆಲವೇ ದಿನಕ್ಕೆ ಹೈದರಾಬಾದಿನ ಸಿಟಿ ಬಸ್ಸಿನಲ್ಲಿ ಸಾಮಾನ್ಯ ಪ್ರಯಾಣಿಕರ ಹಾಗೆ ಟಿಕೆಟ್ ತೆಗೆದುಕೊಂಡು ಓಡಾಡಿದ್ದು ಸುದ್ದಿಯಾಯಿತು. ಆ ವರ್ಷವೇ ಬಸ್ಸಿನಲ್ಲಿ ಹುಟ್ಟಿದ ಹೆಣ್ಣುಕೂಸುಗಳಿಗೆ ಜೀವಮಾನದ ಉಚಿತ ಪಾಸು ಕೊಟ್ಟರು. ನೌಕರರಿಗೆ ಆರೋಗ್ಯ ತಪಾಸಣೆ ಶಿಬಿರಗಳು ನಡೆದವು. ಒಳ್ಳೆಯ ಕೆಲಸ ಮಾಡಿದ ಡ್ರೈವರ್, ಕಂಡಕ್ಟರುಗಳ ಫೋಟೊ ಎಂ.ಡಿ.ಯವರ ಜಾಲತಾಣದ ಖಾತೆಯಿಂದಲೇ ಲೋಕಕ್ಕೆ ಹೋಗತೊಡಗಿತು. ಗರ್ಭಿಣಿಗೆ ನೆರವಾದ ಕಂಡಕ್ಟರಮ್ಮ, ಮರೆತುಹೋದ ಚೀಲವನ್ನು ಮರಳಿಸಿದ ಕಂಡಕ್ಟರ್, ಇಂಥವರ ಹೆಸರು ಹಿಂದೆ ಡಿಪೋ ಗೇಟು ದಾಟುತ್ತಿರಲಿಲ್ಲ. ಹೊಗಳಿಕೆ ಬಿಟ್ಟಿ ಬರುವ ವಸ್ತು, ಆದರೂ ಮೇಲಿನವರು ಅದನ್ನು ಸಂಬಳಕ್ಕಿಂತ ಜಿಪುಣತನದಿಂದ ಹಂಚುವುದು ನಮ್ಮ ಕಚೇರಿಗಳ ಹಳೆಯ ರೋಗ. ಆ ರೋಗಕ್ಕೆ ಈ ಹುಬ್ಬಳ್ಳಿಯವರು ಮದ್ದು ಕೊಟ್ಟರು ಎನ್ನಲು ನನಗೆ ಸಂಕೋಚವಿಲ್ಲ. ಊರಿನವರು ಎಂಬ ಅಭಿಮಾನ ನನ್ನ ಮಾತಿನಲ್ಲಿ ಸ್ವಲ್ಪ ಬೆರೆತಿದ್ದರೆ ಕ್ಷಮಿಸಿ.

ಆದರೆ ಒಂದು ಮಿತಿಯನ್ನೂ ಹೇಳಬೇಕು. ನಾರಾಯಣಖೇಡ ಡಿಪೋದ ಡ್ರೈವರ್‌ಗೆ ಎಂ.ಡಿ. ಕಾಣುವುದು ಫೋನಿನ ಪರದೆಯ ಮೇಲೆ. ಕಂಟ್ರೋಲರ್ ಮತ್ತು ಡಿ.ಎಂ., ಅಂದರೆ ಡಿಪೋ ಮ್ಯಾನೇಜರ್, ದಿನಾ ಎದುರಿಗೇ ಸಿಗುತ್ತಾರೆ. ಹೈದರಾಬಾದಿನಲ್ಲಿ ಶೈಲಿ ಬದಲಾದ ಮಾತ್ರಕ್ಕೆ ಆ ಐದು ನಿಮಿಷ ಬದಲಾಗುವುದಿಲ್ಲ. ಮಹಾಲಕ್ಷ್ಮಿಯ ನಂತರ ನಿಲ್ಲಲು ಜಾಗವಿಲ್ಲದಷ್ಟು ಗಾಡಿಗಳು ತುಂಬಿದವು. ಹೊಸ ನೇಮಕಾತಿ ಅದೇ ವೇಗದಲ್ಲಿ ಆಗಲಿಲ್ಲ. ಜನ ಸಾಲದ ಕಡೆ ಶಹಬ್ಬಾಸ್‌ಗಿರಿಯಿಂದ ಎಷ್ಟು ದೂರ ಗಾಡಿ ಓಡೀತು?

ಈ ಮಿತಿಯ ಮಾತು ತಾಂಡೂರಿನಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾ, ಅಂದರೆ ಸಿಸಿಐ, ತಾಂಡೂರಿನ ಹತ್ತಿರ ಕರಣಕೋಟೆಯಲ್ಲಿ ವರ್ಷಕ್ಕೆ 10 ಲಕ್ಷ ಟನ್ ಸಾಮರ್ಥ್ಯದ ಕಾರ್ಖಾನೆ ಇಟ್ಟಿದೆ. ರೈಲಿನಲ್ಲಿ ಕೆಲವೇ ಸ್ಟೇಷನ್ ಈಚೆಗೆ ಬಂದರೆ ಸೇಡಂ ತಾಲ್ಲೂಕಿನ ಕುರಕುಂಟಾ. ಅಲ್ಲಿಯೂ ಅದೇ ಸಿಸಿಐನ ಕಾರ್ಖಾನೆಯಿತ್ತು. ಮಾಲೀಕ ಒಬ್ಬನೇ, ಸುಣ್ಣಕಲ್ಲಿನ ಪಟ್ಟಿಯೂ ಒಂದೇ. 1996ರಲ್ಲಿ ನಿಗಮ ರೋಗಗ್ರಸ್ತವೆಂದು ಬಿಐಎಫ್ಆರ್ ಎಂಬ ಕೈಗಾರಿಕಾ ಪುನರ್ನಿರ್ಮಾಣ ಮಂಡಳಿಯ ಮುಂದೆ ಹೋಯಿತು, 2006ರಲ್ಲಿ ಪುನಶ್ಚೇತನ ಯೋಜನೆ ಬಂತು. ಉಳಿದುಕೊಂಡ ಮೂರು ಕಾರ್ಖಾನೆಗಳಲ್ಲಿ ತಾಂಡೂರು ಒಂದು, ಮುಚ್ಚಿದ ಏಳರಲ್ಲಿ ಕುರಕುಂಟಾ ಒಂದು. ಇದನ್ನು ಎತ್ತಿಕೊಂಡು ‘ತಾಂಡೂರಿನ ಮ್ಯಾನೇಜರ್ ಪ್ರೇರಣೆ ಕೊಟ್ಟ, ಕುರಕುಂಟಾದವನು ಕೊಡಲಿಲ್ಲ’ ಎಂದು ಕಥೆ ಕಟ್ಟುವುದು ಬಹಳ ಸುಲಭ. ವಿಮಾನ ನಿಲ್ದಾಣದಲ್ಲಿ ಮಾರುವ ನಾಯಕತ್ವದ ಪುಸ್ತಕಗಳು ಅರ್ಧಕ್ಕರ್ಧ ಇಂಥವೇ. ಕುರಕುಂಟಾ ಹಳೆಯದು, ಚಿಕ್ಕದು, ಹೊಸ ಬಂಡವಾಳ ಕಾಣದ್ದು. ಸಿಮೆಂಟಿನ ಮೇಲಿನ ಬೆಲೆ ನಿಯಂತ್ರಣ 1989ರಲ್ಲಿ ಪೂರ್ತಿ ಹೋದ ಮೇಲೆ ಸುತ್ತಲೂ ದೊಡ್ಡ ಖಾಸಗಿ ಗೂಡುಗಳು ಎದ್ದವು. ಅಂಥ ಕಡೆ ಕಾರ್ಮಿಕ ಎಷ್ಟು ಮನಸ್ಸಿಟ್ಟು ದುಡಿದರೂ ಗೂಡು ತಣ್ಣಗಾಗುತ್ತದೆ. ಸೋತ ಕಾರ್ಖಾನೆಯ ಕಾರ್ಮಿಕನನ್ನು ಉಮೇದಿಲ್ಲದವನು ಎಂದು ಕರೆಯುವುದಕ್ಕೆ ಮುಂಚೆ ಆ ಕಾರ್ಖಾನೆಗೆ ಬಂಡವಾಳ ಕೊಟ್ಟಿದ್ದರೋ ಎಂದು ಕೇಳಬೇಕು.

ತಾಂಡೂರಿನ ಪರ್ಸಿ ಕಲ್ಲಿನ ಗಣಿಗಳದ್ದು ಬೇರೆ ಕಥೆ. ಕಲ್ಲು ಪದರ ಪದರವಾಗಿ ಮಲಗಿರುತ್ತದೆ. ಹಾರೆಯ ತುದಿಯನ್ನು ಎಲ್ಲಿ ಊರಿ, ಎಷ್ಟು ಮೀಟಿದರೆ ಚಪ್ಪಡಿ ಇಡಿಯಾಗಿ ಏಳುತ್ತದೆ, ಎಲ್ಲಿ ಒತ್ತಿದರೆ ಓಡು ಓಡಾಗಿ ಹೋಗುತ್ತದೆ ಎಂಬುದು ಮೀಟುವವನಿಗೇ ಗೊತ್ತು. ಮೊದಲು ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಾನೆ. ಗಟ್ಟಿ ಕಲ್ಲು ಠಣ್ಣೆನ್ನುತ್ತದೆ, ಒಳಬಿರುಕಿದ್ದರೆ ದನಿ ಮಂಕಾಗುತ್ತದೆ. ಕೂಲಿ ಚದರ ಅಡಿಯ ಲೆಕ್ಕದಲ್ಲಿ. ಇಲ್ಲಿ ಮೇಸ್ತ್ರಿ ಗದರಿ ವೇಗ ಹೆಚ್ಚಿಸಿದರೆ ಒಡಕು ಹೆಚ್ಚುತ್ತದೆ, ನಷ್ಟ ಇಬ್ಬರಿಗೂ. ಗಣಿಯ ಹಳೆಯ ಮೇಸ್ತ್ರಿಗಳು ಇದನ್ನು ಯಾವ ಪಾಠವೂ ಇಲ್ಲದೆ ಕಲಿತವರು. ಅನುಭವಸ್ಥ ಕೆಲಸಗಾರ ಸುತ್ತಿಗೆ ತಟ್ಟುವಾಗ ಅವರು ಮಾತಾಡುವುದಿಲ್ಲ.

ಕಬ್ಬು ಕಡಿಯಲು ನಾರಾಯಣಖೇಡದ ತಾಂಡಾಗಳಿಂದ ಹಂಗಾಮಿಗೆ ಹೊರಡುವ ಕುಟುಂಬಗಳ ವಿಷಯದಲ್ಲಿ ‘ಪ್ರೇರಣೆ’ ಎಂಬ ಮಾತೇ ಬಾಯಿಗೆ ಬರುವುದಿಲ್ಲ. ಕೂಲಿಯವರನ್ನು ಒಟ್ಟುಮಾಡುವ ಮುಕಾದಮ ಮುಂಗಡ ಕೊಟ್ಟಿರುತ್ತಾನೆ, ಗಂಡಹೆಂಡತಿ ಜೋಡಿಯಾಗಿ ಕಡಿದು ಟನ್ನಿನ ಲೆಕ್ಕದಲ್ಲಿ ತೀರಿಸಬೇಕು. ಸೂರ್ಯ ಹುಟ್ಟುವ ಮುಂಚೆ ಅವರನ್ನು ಎಬ್ಬಿಸುವುದು ಸಾಲ. ಜೀತವನ್ನು 1976ರ ಕಾಯ್ದೆ ತೆಗೆದುಹಾಕಿತು. ಮುಂಗಡದ ಹಗ್ಗ ಇನ್ನೂ ಹೊಲದಲ್ಲಿದೆ. ಮುಕಾದಮ ಒಳ್ಳೆಯವನೋ ಕೆಟ್ಟವನೋ ಎಂಬ ವಿಚಾರ ಇಲ್ಲಿ ಎರಡನೆಯದು.

ಇನ್ನು ಜಹೀರಾಬಾದಿಗೆ ಬರೋಣ. ಇಲ್ಲಿಯೂ ಒಬ್ಬ ಕನ್ನಡಿಗರು ಸಿಗುತ್ತಾರೆ. ಪಿ. ವಿ. ಸತೀಶ್ ಮೈಸೂರಿನಲ್ಲಿ 1945ರಲ್ಲಿ ಹುಟ್ಟಿದವರು. ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದು, 1975-76ರ ‘ಸೈಟ್’ ಉಪಗ್ರಹ ದೂರದರ್ಶನ ಪ್ರಯೋಗದಲ್ಲಿ ದುಡಿದವರು. ಆ ಪ್ರಯೋಗದ ಟಿ.ವಿ. ಪೆಟ್ಟಿಗೆಗಳು ಮೆದಕ್ ಜಿಲ್ಲೆಯ ಹಳ್ಳಿಗಳಿಗೂ ನಮ್ಮ ಗುಲಬರ್ಗಾ, ರಾಯಚೂರು, ಬಿಜಾಪುರದ ಹಳ್ಳಿಗಳಿಗೂ ಬಂದಿದ್ದವು. 1983ರಲ್ಲಿ ಗೆಳೆಯರೊಂದಿಗೆ ಜಹೀರಾಬಾದ್ ಪಕ್ಕದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಶುರುಮಾಡಿದರು. ಸುಮಾರು 75 ಹಳ್ಳಿಗಳಲ್ಲಿ ಸುಮಾರು 5,000 ಹೆಣ್ಣುಮಕ್ಕಳು, ಬಹುಪಾಲು ದಲಿತರು, ಸಂಘಂ ಕಟ್ಟಿಕೊಂಡರು. ಹಗಲು ಕೂಲಿ, ರಾತ್ರಿ ಸಭೆ. ಪಾಳು ಬಿದ್ದ ಜಮೀನಿನಲ್ಲಿ ಜೋಳ, ನವಣೆ, ತೊಗರಿಯನ್ನು ಕೂಡುಬೆಳೆಯಾಗಿ ತೆಗೆದರು. ಊರಿನಲ್ಲಿ ಯಾರು ಎಲ್ಲರಿಗಿಂತ ಬಡವರು, ಧಾನ್ಯ ಮೊದಲು ಯಾರ ಮನೆಗೆ ಹೋಗಬೇಕು ಎಂಬುದನ್ನು ಅವರೇ ಕೂತು ತೀರ್ಮಾನಿಸಿದರು. ಬೀಜದ ಗಡಿಗೆಗಳೂ ಅವರ ಮನೆಗಳಲ್ಲೇ ಇದ್ದವು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಕೊಡುವ ಈಕ್ವೇಟರ್ ಪ್ರಶಸ್ತಿ ಈ ಸಂಸ್ಥೆಗೆ ಬಂತು.

ಸಂಬಳದ ನೌಕರರಿಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಘಂನ ಹೆಣ್ಣುಮಕ್ಕಳು ವಿಡಿಯೊ ಕ್ಯಾಮೆರಾ ಕಲಿತರು. ಓದುಬರಹ ಬಾರದವರೇ ಹೆಚ್ಚು. ಕ್ಯಾಮೆರಾ ಮೇಲಿಂದ ನೋಡುವುದಕ್ಕೂ ಕೆಳಗಿಂದ ನೋಡುವುದಕ್ಕೂ ಸಿನಿಮಾದವರ ಹೆಸರು ಬಿಟ್ಟು ತಮ್ಮದೇ ಹೆಸರು ಕೊಟ್ಟುಕೊಂಡರು. ಪಟೇಲನ ಶಾಟ್ ಒಂದು, ಜೀತದಾಳಿನ ಶಾಟ್ ಇನ್ನೊಂದು. ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಹಿಡಿದರೆ ಅದು ಸಂಘಂ ಶಾಟ್. ಲೆವಿನ್ ಐಯೋವಾದಲ್ಲಿ ವರ್ಷಗಟ್ಟಲೆ ಹುಡುಕಿದ್ದನ್ನು ಇವರು ಬದುಕಿನಿಂದಲೇ ಹೆಕ್ಕಿಕೊಂಡಿದ್ದರು ಅನಿಸುತ್ತದೆ.

ರೇಡಿಯೊದ ಕಥೆ ಇದಕ್ಕಿಂತ ದೊಡ್ಡದು. ಮಾಚನೂರಿನಲ್ಲಿ ಯುನೆಸ್ಕೊ ನೆರವಿನಿಂದ ಸ್ಟೇಷನ್ನು 1998ರಲ್ಲೇ ಸಿದ್ಧವಾಗಿತ್ತು. ಲೈಸೆನ್ಸ್ ಇಲ್ಲ. ಪ್ರಸಾರ ಮಾಡುವ ಹಾಗಿಲ್ಲ. ಹತ್ತು ವರ್ಷ ಈ ಹೆಣ್ಣುಮಕ್ಕಳು ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿ, ಕ್ಯಾಸೆಟ್ಟುಗಳನ್ನು ಹಳ್ಳಿಯಿಂದ ಹಳ್ಳಿಗೆ ಒಯ್ದು ಸಂಘಂ ಸಭೆಗಳಲ್ಲಿ ಕೇಳಿಸಿದರು. ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ ಎಂದು 1995ರಲ್ಲಿ ತೀರ್ಪು ಬರೆದ ನ್ಯಾಯಮೂರ್ತಿ ಪಿ. ಬಿ. ಸಾವಂತ್ ಅವರೇ 2008ರ ಅಕ್ಟೋಬರ್ 15ರಂದು ಬಂದು ಸಂಘಂ ರೇಡಿಯೊವನ್ನು ಉದ್ಘಾಟಿಸಿದರು. ನಡೆಸುವವರು ನರಸಮ್ಮ ಎಂಬ ಒಂದೇ ಹೆಸರಿನ ಇಬ್ಬರು. ಗುರುತಿಗೆ ಒಬ್ಬರು ಅಲ್ಗೋಲ್ ನರಸಮ್ಮ, ಇನ್ನೊಬ್ಬರು ಜನರಲ್ ನರಸಮ್ಮ. ಎಂದಾದರೂ ಪ್ರಸಾರವಾಗುತ್ತದೋ ಇಲ್ಲವೋ ಗೊತ್ತಿಲ್ಲದ ಕಾರ್ಯಕ್ರಮವನ್ನು ಹತ್ತು ವರ್ಷ ತಯಾರಿಸುತ್ತಾ ಹೋಗಲು ಯಾವ ಬೋನಸ್ ಸಾಕಾದೀತು? ಕಾರ್ಯಕ್ರಮ ತಮ್ಮದು, ಅದರಲ್ಲಿ ಯಾವ ಹಾಡಿರಬೇಕು, ಯಾವ ಬೀಜದ ಮಾತಿರಬೇಕು ಎಂಬ ತೀರ್ಮಾನ ತಮ್ಮದು ಎಂಬುದೇ ಅವರನ್ನು ಎಳೆದುಕೊಂಡು ಹೋಯಿತು.

ಸತೀಶ್ ಮೆತ್ತಗಿನವರೇನೂ ಆಗಿರಲಿಲ್ಲ. ಬಿಟಿ ಹತ್ತಿಯ ವಿಷಯದಲ್ಲಿ ಕಂಪನಿಗಳ ಜೊತೆಗೂ ಸರ್ಕಾರದ ಜೊತೆಗೂ ಜಗಳಕ್ಕೆ ನಿಂತವರು. ಗಟ್ಟಿ ಅಭಿಪ್ರಾಯ ಇರುವುದಕ್ಕೂ ಕೆಳಗಿನವರ ಕೈಗೆ ತೀರ್ಮಾನ ಬಿಡುವುದಕ್ಕೂ ವಿರೋಧವಿಲ್ಲ ಎಂಬುದಕ್ಕೆ ಅವರನ್ನು ಎತ್ತಿ ಹೇಳುತ್ತಿದ್ದೇನೆ. ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷ ಎಂದು ಘೋಷಿಸಿದ 2023ರಲ್ಲೇ, ಮಾರ್ಚ್ 19ರಂದು ಅವರು ತೀರಿಕೊಂಡರು. ನಾಯಕ ಕೋಣೆಯಿಂದ ಹೊರಹೋದ ಮೇಲಿನ ಪರೀಕ್ಷೆ ಆ ಸಂಘಂಗಳಿಗೆ ಈಗ ನಡೆಯುತ್ತಿದೆ.

ಇಂಥದ್ದು ಸ್ವಯಂಸೇವಾ ಸಂಸ್ಥೆಯಲ್ಲಿ ನಡೆದೀತು, ಲಾಭಕ್ಕೆ ದುಡಿಯುವ ಕಾರ್ಖಾನೆಯಲ್ಲಿ ನಡೆಯಲಾರದು ಎನ್ನುವವರಿಗೆ ಅಹಮದಾಬಾದಿನ ಕ್ಯಾಲಿಕೊ ಮಿಲ್ ನೆನಪಿಸುತ್ತೇನೆ. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅಲ್ಲಿಗೆ ಬಂದರು. ಹೊಸ ಸ್ವಯಂಚಾಲಿತ ಮಗ್ಗ ತಂದರೂ ಉತ್ಪಾದನೆ ಏರುತ್ತಿರಲಿಲ್ಲ. ಒಬ್ಬ ನೂಲು ಜೋಡಿಸುವವನು, ಒಬ್ಬ ಎಣ್ಣೆ ಹಾಕುವವನು, ಒಬ್ಬ ಗುಡಿಸುವವನು ಎಂದು ಕೆಲಸ ಹರಿದು ಹಂಚಿಹೋಗಿತ್ತು. ಇಂತಿಷ್ಟು ಮಗ್ಗ ಇಂಥ ಗುಂಪಿನ ಜವಾಬ್ದಾರಿ ಎಂದು ಮಾಡಿದರೆ ಹೇಗೆ ಎಂಬ ಮಾತು ಬಂದದ್ದೇ ತಡ, ಕಾರ್ಮಿಕರು ತಾವೇ ಗುಂಪು ಕಟ್ಟಿಕೊಂಡರು. ಬಟ್ಟೆ ಹೆಚ್ಚಿತು, ಹಾಳಾಗುವುದು ಇಳಿಯಿತು. ಆದರೆ 1970ರ ಹೊತ್ತಿಗೆ ಮತ್ತೆ ಹೋಗಿ ನೋಡಿದಾಗ ಒಂದು ಶೆಡ್ಡಿನಲ್ಲಿ ಮಾತ್ರ ಆ ಪದ್ಧತಿ ಗಟ್ಟಿಯಾಗಿ ಉಳಿದಿತ್ತು, ಮಿಕ್ಕ ಕಡೆ ಬಹಳಷ್ಟು ಹಳೆಯ ದಾರಿಗೇ ಮರಳಿತ್ತು. ಮೇಲಿನವರು ಕಾಪಾಡದಿದ್ದರೆ ಒಳ್ಳೆಯ ಪದ್ಧತಿಯೂ ಸವೆಯುತ್ತದೆ.

ಇದನ್ನೆಲ್ಲ ಈಗ ಹೇಳುವುದಕ್ಕೆ ತುರ್ತು ಕಾರಣವಿದೆ. ಜಹೀರಾಬಾದಿಗೆ ಕಾರ್ಖಾನೆ ಹೊಸದಲ್ಲ. 1980ರ ದಶಕದಲ್ಲಿ ಹೈದರಾಬಾದ್ ಆಲ್ವಿನ್ ನಿಸ್ಸಾನ್ ಜೊತೆಗೂಡಿ ಇಲ್ಲಿ ಲಘು ವಾಹನ ಮಾಡಿತು, 1989ರಲ್ಲಿ ಅದು ಮಹೀಂದ್ರ ಕೈಗೆ ಹೋಯಿತು, 2013ರಲ್ಲಿ ಟ್ರ್ಯಾಕ್ಟರ್ ಕಾರ್ಖಾನೆ ಬಂತು. ಈಗ ಬರುತ್ತಿರುವುದು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ನ್ಯಾಲಕಲ್, ಝರಾಸಂಗಂ ಮಂಡಲಗಳ 12,635 ಎಕರೆಯಲ್ಲಿ ಉತ್ಪಾದನಾ ವಲಯ ಎಂದು ಗುರುತಿಸಿದ್ದಾರೆ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಮೊದಲ ಹಂತದ 3,245 ಎಕರೆಗೆ 2,361 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. 1.74 ಲಕ್ಷ ಉದ್ಯೋಗ ಎಂಬುದು ಸರ್ಕಾರದ ಅಂದಾಜು. ಜಮೀನು ಕೊಡಲೊಲ್ಲದವರು ಹೋರಾಟವನ್ನೂ ಮಾಡಿದ್ದಾರೆ, ಆ ವಾದದಲ್ಲಿ ಇವತ್ತು ನಾನು ಕೈಹಾಕುವುದಿಲ್ಲ. ಕೆಲಸ ಬಂದೇ ಬಂತು ಎಂದಿಟ್ಟುಕೊಳ್ಳೋಣ. ನೆನ್ನೆಯವರೆಗೆ ಯಾವ ದಿನ ಬಿತ್ತಬೇಕು, ಯಾವ ಬೀಜ ಇಡಬೇಕು ಎಂದು ತಾನೇ ತೀರ್ಮಾನಿಸುತ್ತಿದ್ದ ರೈತನ ಮಗ, ಮಗಳು ನಾಳೆ ಲೈನಿನಲ್ಲಿ ನಿಂತು ಒಂದೇ ಬೋಲ್ಟು ಬಿಗಿಯುತ್ತಾರೆ. ಅವರಿಗೆ ಅಪ್ಪಣೆ ಕೊಡುವವನು ದೂರದ ಊರಿನಿಂದ ಬಂದು ಹಿಂದಿಯಲ್ಲಿ ಮಾತಾಡುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಅವರು ಬಹುಶಃ ಕಂಪನಿಯ ನೌಕರರಾಗಿರುವುದಿಲ್ಲ, ಗುತ್ತಿಗೆದಾರನ ಆಳುಗಳಾಗಿರುತ್ತಾರೆ. ಗುತ್ತಿಗೆ ಕಾರ್ಮಿಕರ ಕಾನೂನಿನ ಉದ್ದೇಶ ಏನೇ ಇರಲಿ, ನೆಲದ ಮೇಲೆ ಆಗುವುದು ಇಷ್ಟು: ಕೆಲಸ ಹೇಳುವ ಸೂಪರ್‌ವೈಸರ್‌ಗೆ ಸಂಬಳ ಏರಿಸುವ ಅಧಿಕಾರವಿಲ್ಲ, ಸಂಬಳ ಕೊಡುವ ಗುತ್ತಿಗೆದಾರ ಕೆಲಸ ನೋಡಿಯೇ ಇಲ್ಲ. ಅಂಥ ಕಡೆ ಎಂಥ ಸಜ್ಜನ ಮೇಲ್ವಿಚಾರಕನ ಶೈಲಿಯೂ ಗಾಳಿಗೆ ಹೋಗುತ್ತದೆ.

ಆದ್ದರಿಂದ ನ್ಯಾಲಕಲ್ ಸುತ್ತಿನ ಪಂಚಾಯಿತಿಗಳ ಹಿರಿಯರಿಗೆ, ಈ ಸಭೆಯಲ್ಲಿರುವ ಮೇಷ್ಟರುಗಳಿಗೆ ನನ್ನದೊಂದು ವಿನಂತಿ. ಕಂಪನಿಯವರು ಊರಿಗೆ ಬಂದು ಎಷ್ಟು ಉದ್ಯೋಗ ಎಂದು ಹೇಳುವಾಗ ಅಂಕಿ ಕೇಳಿ ಚಪ್ಪಾಳೆ ತಟ್ಟಿ ಕಳಿಸಬೇಡಿ. ಅದರಲ್ಲಿ ಎಷ್ಟು ಜನ ಕಂಪನಿಯದೇ ಮಸ್ಟರ್ ರೋಲಿನಲ್ಲಿರುತ್ತಾರೆ, ಎಷ್ಟು ಜನ ಗುತ್ತಿಗೆಯಲ್ಲಿ ಎಂದು ಕೇಳಿ. ತರಬೇತಿ ತೆಲುಗಿನಲ್ಲೋ ಕನ್ನಡದಲ್ಲೋ ಸಿಗುತ್ತದೆಯೇ ಎಂದು ಕೇಳಿ. ಮೇಸ್ತ್ರಿ, ಸೂಪರ್‌ವೈಸರ್ ಹುದ್ದೆಗೆ ಲೈನಿನವರೇ ಏರಬಹುದೇ, ಎಷ್ಟು ವರ್ಷಕ್ಕೆ ಎಂದು ಕೇಳಿ. ತಪ್ಪು ಕಂಡಾಗ ಲೈನು ನಿಲ್ಲಿಸುವ ಬಟನ್ನು ಕೆಲಸಗಾರನ ಕೈಗೆ ಎಟಕುತ್ತದೆಯೇ, ಒತ್ತಿದವನಿಗೆ ಮರುದಿನ ಏನಾಗುತ್ತದೆ ಎಂದು ಕೇಳಿ. ಎರಡನೇ ಶಿಫ್ಟು ಮುಗಿಸಿ ರಾತ್ರಿ ಹೊರಬರುವ ಹೆಣ್ಣುಮಕ್ಕಳಿಗೆ ಬಸ್ಸಿನ ವ್ಯವಸ್ಥೆ ಯಾರು ಮಾಡುತ್ತಾರೆ ಎಂಬುದನ್ನು ಬರೆಸಿಕೊಳ್ಳಿ. ಆ ಬಸ್ಸು ಜಹೀರಾಬಾದ್ ಡಿಪೋದಿಂದಲೇ ಬರಬೇಕಾದೀತು, ಹಾಗಿದ್ದರೆ ಡಿ.ಎಂ. ಸಾಹೇಬರನ್ನೂ ಅದೇ ಸಭೆಗೆ ಕರೆಯಿರಿ, ಅವರ ಜೊತೆ ಆ ರೂಟಿನ ಒಬ್ಬ ಡ್ರೈವರ್‌ನನ್ನೂ.

 ಪ್ರಶ್ನೆಗಳಿದ್ದರೆ ಕೇಳಿ, ಡಿಪೋದವರು ಯಾರಾದರೂ ಬಂದಿದ್ದರೆ ಅವರೇ ಮೊದಲು.